ನಿಂತ ತೂಕಕ್ಕೆ ಹಸಿವು ಮದ್ದಲ್ಲ

ದನದ ಹಾಲು ಕಡಿಮೆಯಾದರೆ ಹಿಂಡಿಯ ಅಳತೆಯನ್ನೂ ಇಳಿಸಬೇಕೆಂಬುದು ನಮ್ಮ ಕೃಷಿಕ ಮನೆಗಳ ಮಕ್ಕಳಿಗೂ ಗೊತ್ತು. ದೇಹ ಪೋಷಣೆಗೆಂದು ಒಂದೂವರೆಯಿಂದ ಎರಡು ಕಿಲೋ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಎಂಬ ಲೆಕ್ಕ ಹಾಲಿನ ಸೊಸೈಟಿಗೆ ಹೋಗಿ ಬರುವ ಎಲ್ಲರ ಬಾಯಲ್ಲೂ ಇದೆ. ಹಾಲು ಬತ್ತಿದ ದನಕ್ಕೆ ಹಿಂದಿನಷ್ಟೇ ಹಿಂಡಿ ಇಟ್ಟರೆ ಅದು ಕೊಬ್ಬುತ್ತದೆ, ಮುಂದೆ ಕರು ಹಾಕುವಾಗ ಕಷ್ಟಪಡುತ್ತದೆ. ಹಿಂಡಿಯನ್ನು ಪೂರ್ತಿ ನಿಲ್ಲಿಸಿದರೆ ಸೊರಗುತ್ತದೆ. ಹಟ್ಟಿಯಲ್ಲಿ ಇಷ್ಟು ಲೆಕ್ಕ ಇಡುವ ನಾವು ನಮ್ಮ ಬಟ್ಟಲಿನ ಮುಂದೆ ಕುಳಿತಾಗ ಮಾತ್ರ ಲೆಕ್ಕವನ್ನು ಹೊರಗೆ ಬಿಟ್ಟು ಬರುತ್ತೇವೆ.

ಈ ಮಾತನ್ನು ಎತ್ತಲು ಕಾರಣವಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಎಂದು ವೈದ್ಯರ ಬಳಿ ಹೋದವರಿಗೆ "ಮೊದಲು ತೂಕ ಇಳಿಸಿ" ಎಂಬ ಸಲಹೆ ಈಗ ಸಾಮಾನ್ಯ. ಹಲವರು ಶ್ರದ್ಧೆಯಿಂದ ಪಾಲಿಸುತ್ತಾರೆ. ಮೊದಲ ಕೆಲವು ತಿಂಗಳು ತೂಕ ಇಳಿಯುತ್ತದೆ. ಆಮೇಲೆ ಒಂದು ದಿನ ತಕ್ಕಡಿಯ ಮುಳ್ಳು ನಿಂತಲ್ಲೇ ನಿಲ್ಲುತ್ತದೆ. ಒಂದು ತಿಂಗಳು ಕಳೆದರೂ ಅಲುಗುವುದಿಲ್ಲ. ಆಗ ಕೆಲವರು "ನಮ್ಮ ಮೈಯೇ ಇಷ್ಟು, ನಮ್ಮ ವಂಶವೇ ಹೀಗೆ" ಎಂದು ಪಥ್ಯ ಬಿಟ್ಟು ಹಳೆಯ ಊಟಕ್ಕೆ ಮರಳುತ್ತಾರೆ. ಇನ್ನು ಕೆಲವರು ರಾತ್ರಿ ಊಟ ಬಿಡುತ್ತಾರೆ, ಇಲ್ಲವೇ ಮನೆಬಾಗಿಲಿಗೆ ಬರುವ ಪುಡಿ ಡಬ್ಬಿಗಳಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಈ ಎರಡು ದಾರಿಗಳೂ ತಪ್ಪು ಎಂಬುದು ನಮ್ಮ ಅಭಿಪ್ರಾಯ. ತೂಕ ನಿಂತದ್ದು ಸೋಲಲ್ಲ. ಹಳೆಯ ಲೆಕ್ಕ ಮುಗಿಯಿತು, ಹೊಸ ಲೆಕ್ಕ ಬರೆಯಿರಿ ಎಂದು ದೇಹ ಕೊಡುವ ಸೂಚನೆ ಅದು.

ವಿಷಯ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವಿದೆ, ನೂರಕ್ಕೆ 39.5 ಮಂದಿಗೆ ಹೊಟ್ಟೆಯ ಬೊಜ್ಜು ಇದೆ. ಮಧುಮೇಹದಲ್ಲಿ ಗೋವಾ ಮತ್ತು ಪುದುಚೇರಿಯ ಬೆನ್ನಿಗೇ ನಮ್ಮ ಕೇರಳ ನಿಂತಿದೆ. ಇಲ್ಲಿ ನೂರಕ್ಕೆ 25.5, ಅಂದರೆ ನಾಲ್ವರಲ್ಲಿ ಒಬ್ಬರು. ಇದು ಪೇಟೆಯವರ ಕಾಯಿಲೆ, ತೋಟದವರಿಗೆ ಬರುವುದಿಲ್ಲ ಎಂದು ಹೇಳುವ ಕಾಲ ಹೋಯಿತು.

ತೂಕ ಏಕೆ ನಿಲ್ಲುತ್ತದೆ?

ಮೊದಲ ಎರಡು ಮೂರು ವಾರಗಳಲ್ಲಿ ಇಳಿಯುವ ತೂಕವೆಲ್ಲ ಕೊಬ್ಬಲ್ಲ. ನಮ್ಮ ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಸೇರಿಕೊಂಡಿರುತ್ತದೆ. ಊಟ ಕಡಿಮೆಯಾದಾಗ ಈ ದಾಸ್ತಾನು ಮೊದಲು ಖರ್ಚಾಗುತ್ತದೆ, ನೀರೂ ಹೋಗುತ್ತದೆ. ಹಸಿ ಅಡಿಕೆ ಅಂಗಳದಲ್ಲಿ ಮೊದಲ ಬಿಸಿಲಿಗೆ ಬೇಗ ಹಗುರವಾಗಿ, ಆಮೇಲೆ ನಿಧಾನವಾಗಿ ಒಣಗುವುದನ್ನು ನಾವು ಕಂಡಿದ್ದೇವಲ್ಲವೇ? ಮೊದಲ ವಾರದ ವೇಗವೇ ಕೊನೆಯವರೆಗೂ ಇರಬೇಕೆಂದು ಬಯಸುವುದು ನ್ಯಾಯವಲ್ಲ.

ಎರಡನೆಯದಾಗಿ, ಹಗುರವಾದ ದೇಹಕ್ಕೆ ಕಡಿಮೆ ಇಂಧನ ಸಾಕು. ಎಂಬತ್ತು ಕಿಲೋ ಮೈಯನ್ನು ಗುಡ್ಡ ಹತ್ತಿಸುವುದಕ್ಕೂ ಎಪ್ಪತ್ತು ಕಿಲೋ ಮೈಯನ್ನು ಹತ್ತಿಸುವುದಕ್ಕೂ ವ್ಯತ್ಯಾಸವಿದೆ. ಇಷ್ಟೇ ಅಲ್ಲದೆ, ತೂಕ ಇಳಿದಂತೆ ದೇಹ ಸ್ವಲ್ಪ ಜಿಪುಣತನವನ್ನೂ ಕಲಿಯುತ್ತದೆ. ಹಿಂದೆ ಮಾಡಿದ್ದ ಕೆಲಸವನ್ನೇ ಇನ್ನೂ ಕಡಿಮೆ ಖರ್ಚಿನಲ್ಲಿ ಮಾಡುತ್ತದೆ. ಇದನ್ನು 1995ರಲ್ಲಿ ಅಮೇರಿಕದ ಲೈಬೆಲ್ ಮತ್ತು ಅವರ ಸಂಗಡಿಗರು ಅಳೆದು ತೋರಿಸಿದರು. ಅಮೇರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರ ಲೆಕ್ಕದಂತೆ ಇಳಿದ ಪ್ರತಿ ಕಿಲೋ ತೂಕಕ್ಕೆ ದೇಹದ ದಿನದ ಖರ್ಚು ಸುಮಾರು 20ರಿಂದ 30 ಕ್ಯಾಲೊರಿಯಷ್ಟು ಕುಗ್ಗುತ್ತದೆ. ಆರು ಕಿಲೋ ಇಳಿಸಿದವರಿಗೆ ದಿನಕ್ಕೆ ಸುಮಾರು 150 ಕ್ಯಾಲೊರಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅದು ಹಸಿವು. ಅದೇ ತಂಡದವರು 2016ರಲ್ಲಿ ಕಂಡುಕೊಂಡ ಪ್ರಕಾರ, ಇಳಿದ ಪ್ರತಿ ಕಿಲೋಗೆ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಖರ್ಚು ಕುಗ್ಗುವುದಕ್ಕಿಂತ ಹಸಿವು ಏರುವುದು ಮೂರು ಪಟ್ಟು ಹೆಚ್ಚು. ನಮಗೆ ತಿಳಿಯದಂತೆಯೇ ಕೈ ಮತ್ತೆ ಪಾತ್ರೆಯ ಕಡೆ ಹೋಗುವುದು ಇದರಿಂದ. ಇದು ಮನಸ್ಸಿನ ದೌರ್ಬಲ್ಯವಲ್ಲ, ಬರಗಾಲಕ್ಕೆ ಹೆದರಿ ಬದುಕಿದ ದೇಹದ ಸ್ವಭಾವ. ತೂಕ ನಿಂತವರನ್ನು "ಬಾಯಿಚಪಲ" ಎಂದು ಮನೆಯವರು ಹಂಗಿಸುವುದನ್ನು ಮೊದಲು ನಿಲ್ಲಿಸಬೇಕು.

ಲೆಕ್ಕ ಸೋರುವುದು ಎಲ್ಲಿ?

"ನಾನು ತಿನ್ನುವುದು ಅಷ್ಟೇ, ಆದರೂ ಇಳಿಯುವುದಿಲ್ಲ" ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. 1992ರಲ್ಲಿ ನ್ಯೂಯಾರ್ಕಿನ ವೈದ್ಯರು ಹೀಗೆಯೇ ಹೇಳುತ್ತಿದ್ದ ಹತ್ತು ಮಂದಿಯನ್ನು ಪರೀಕ್ಷಿಸಿದರು. ಅವರ ದೇಹದಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಆದರೆ ಅವರು ಹೇಳಿದ ಊಟ ನಿಜವಾಗಿ ಉಂಡದ್ದಕ್ಕಿಂತ ನೂರಕ್ಕೆ 47ರಷ್ಟು ಕಡಿಮೆಯಿತ್ತು, ಹೇಳಿದ ದುಡಿಮೆ ನಿಜವಾದದ್ದಕ್ಕಿಂತ ನೂರಕ್ಕೆ 51ರಷ್ಟು ಹೆಚ್ಚಿತ್ತು. ಅವರು ಸುಳ್ಳುಗಾರರೆಂದು ಇದರ ಅರ್ಥವಲ್ಲ. ಅಳೆಯದೆ ಅಂದಾಜಿನಲ್ಲಿ ಹೇಳಿದರೆ ಯಾರ ಲೆಕ್ಕವೂ ಹೀಗೆಯೇ ಆಗುತ್ತದೆ. ಸೊಸೈಟಿಯಲ್ಲಿ ಅಡಿಕೆ ಚೀಲವನ್ನು ಕೈಯಲ್ಲಿ ಎತ್ತಿ ನೋಡಿ ಬೆಲೆ ಕಟ್ಟಿದರೆ ನಾವು ಒಪ್ಪುತ್ತೇವೆಯೇ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎಪ್ಪತ್ತಾರು ಕಿಲೋ ತೂಕದ ಒಬ್ಬ ಕೃಷಿಕ ಮಹಿಳೆ ದಿನಕ್ಕೆ 2200 ಕ್ಯಾಲೊರಿ ಉಣ್ಣುತ್ತಿದ್ದರು, ತೂಕ ಏರದೆ ಇಳಿಯದೆ ಇತ್ತು ಎಂದಿಟ್ಟುಕೊಳ್ಳಿ. ವೈದ್ಯರ ಮಾತಿನಂತೆ ಅದನ್ನು 1800ಕ್ಕೆ ಇಳಿಸಿದರು. ದಿನಕ್ಕೆ 400 ಕಡಿತ. ಎಂಟು ತಿಂಗಳಲ್ಲಿ ಸುಮಾರು ಆರು ಕಿಲೋ ಇಳಿಯಿತು. ಈಗ ಅವರ ದೇಹಕ್ಕೆ ಬೇಕಾದದ್ದು 2200 ಅಲ್ಲ, 2050. ಕಡಿತ 400ರಿಂದ 250ಕ್ಕೆ ಬಂದಿದೆ. ಅಷ್ಟರಲ್ಲಿ ಒಗ್ಗರಣೆಗೆ ಒಂದು ದೊಡ್ಡ ಚಮಚ ಎಣ್ಣೆ ಹೆಚ್ಚಾಗಿದೆ, ಅದು 120. ಎರಡು ಲೋಟ ಚಹಾಕ್ಕೆ ಎರಡೆರಡು ಚಮಚ ಸಕ್ಕರೆ ಮರಳಿ ಬಂದಿದೆ, ಅದು 80. ಸಂಜೆ ಹತ್ತು ಗ್ರಾಂ ಮಿಕ್ಸ್ಚರ್, ಅದು 50. ಒಟ್ಟು 250. ಕಡಿತ ಪೂರ್ತಿ ಮಾಯವಾಯಿತು, ತೂಕ ನಿಂತಿತು. ಅವರು ಅನ್ನವನ್ನು ಒಂದು ಸೌಟೂ ಹೆಚ್ಚು ಬಡಿಸಿಕೊಂಡಿಲ್ಲ. ಆದ್ದರಿಂದ "ನಾನು ತಿನ್ನುವುದು ಅಷ್ಟೇ" ಎಂದು ಅವರು ಹೇಳುವುದು ಅವರ ಮಟ್ಟಿಗೆ ನಿಜವೇ.

ನಮ್ಮ ಅಡುಗೆಮನೆಯಲ್ಲಿ ಸೋರುವ ಜಾಗಗಳು ಇವು. ಎಣ್ಣೆ ಮೊದಲನೆಯದು, ಯಾವ ಎಣ್ಣೆಯಾದರೂ ಒಂದು ಗ್ರಾಮಿಗೆ 9 ಕ್ಯಾಲೊರಿ, ಅನ್ನ ಮತ್ತು ಬೇಳೆಯ ಸತ್ವಕ್ಕೆ ಗ್ರಾಮಿಗೆ 4. ತೆಂಗಿನಕಾಯಿ ಎರಡನೆಯದು, ನೂರು ಗ್ರಾಂ ತುರಿಯಲ್ಲಿ ಸುಮಾರು 400. ಅರ್ಧ ಕಾಯಿಯ ಮಸಾಲೆ ನಾಲ್ವರಿಗೆ ಹಂಚಿದರೆ ತಲೆಗೆ ಸುಮಾರು 150. ತೆಂಗು ಬೆಳೆಯುವ ನಾಡಿನಲ್ಲಿ ಕುಳಿತು ತೆಂಗು ಬಿಡಿ ಎಂದು ನಾವು ಹೇಳುವುದಿಲ್ಲ. ಕಾಯಿ ಅರೆದು ಹಾಕಿದ ಸಾರಿಗೆ ಮೇಲೆ ಎಣ್ಣೆಯ ಒಗ್ಗರಣೆ ಬೇಡ, ಒಗ್ಗರಣೆ ಹಾಕಿದ ಪಲ್ಯಕ್ಕೆ ಕಾಯಿ ಕಡಿಮೆ ಇರಲಿ ಎಂದಷ್ಟೇ ಹೇಳುತ್ತೇವೆ. ಬೂತಾಯಿ ಬಂಗುಡೆಯನ್ನು ಹುಳಿಮೆಣಸಿನಲ್ಲಿ ಕುದಿಸಿದರೆ ಒಳ್ಳೆಯ ಊಟ. ಎಣ್ಣೆಯಲ್ಲಿ ಕರಿದರೆ ಮೀನಿಗಿಂತ ಎಣ್ಣೆಯ ಲೆಕ್ಕವೇ ದೊಡ್ಡದಾದೀತು. ನಮ್ಮದೇ ಮರದ ಗೇರುಬೀಜವೆಂದು ಬಾಯಿಗೆ ಹಾಕಿಕೊಳ್ಳುವ ಒಂದು ಹಿಡಿಗೆ 150ಕ್ಕೂ ಹೆಚ್ಚು. ಗಂಡಸರಲ್ಲಿ ಕೆಲವರು ಅನ್ನ ಬಿಟ್ಟು ಸಂಜೆಯ ಗ್ಲಾಸನ್ನು ಬಿಡದವರಿದ್ದಾರೆ. ಅರುವತ್ತು ಮಿಲಿ ಬ್ರಾಂದಿಯಲ್ಲಿ ಸುಮಾರು 140 ಕ್ಯಾಲೊರಿ, ಅದರ ಜೊತೆಗಿನ ಕರಿದ ತಿಂಡಿ ಬೇರೆ.

ಮನೆಯ ಹೆಂಗಸರ ಬಟ್ಟಲಿನಲ್ಲಿ ಇನ್ನೊಂದು ಸೋರಿಕೆ ಇದೆ. ಎಲ್ಲರೂ ಉಂಡ ಮೇಲೆ ಉಳಿದದ್ದು ಹಾಳಾಗಬಾರದೆಂದು ಅದನ್ನು ಮುಗಿಸುವುದು. ಮಗು ಬಿಟ್ಟ ಅರ್ಧ ದೋಸೆ, ಪಾತ್ರೆಯ ತಳದ ಪಾಯಸ, ನಿನ್ನೆಯ ಸಾರು. ಅನ್ನ ಚೆಲ್ಲಬಾರದೆಂಬ ಅವರ ಭಾವನೆ ಗೌರವಿಸತಕ್ಕದ್ದೇ. ಆದರೆ ಆ ಗೌರವದ ಭಾರವನ್ನು ಒಬ್ಬರ ಮೈ ಹೊರಬೇಕೇ? ಅಳೆದು ಬೇಯಿಸಿದರೆ ಉಳಿಯುವುದಿಲ್ಲ. ಉಳಿದರೆ ಹಟ್ಟಿಯಿದೆ, ಕೋಳಿಗೂಡಿದೆ.

ಹೊಟ್ಟೆ ಕಟ್ಟುವುದು ಏಕೆ ಬೇಡ?

ತಪಸ್ಸುಕಾಲದ ಉಪವಾಸ ಬೇರೆ, ತೂಕದ ಪಥ್ಯ ಬೇರೆ. ಮೊದಲನೆಯದರ ಉದ್ದೇಶ ಆತ್ಮಕ್ಕೆ ಸೇರಿದ್ದು. ಅದನ್ನು ತಕ್ಕಡಿಗೆ ಕಟ್ಟಬಾರದು. ಎರಡನೆಯದರಲ್ಲಿ ಹೊಟ್ಟೆ ಕಟ್ಟಿದರೆ ಏನಾಗುತ್ತದೆಂಬುದಕ್ಕೆ ಹಳೆಯ ಸಾಕ್ಷ್ಯವಿದೆ. 1944-45ರಲ್ಲಿ, ಮಹಾಯುದ್ಧದ ಕೊನೆಯ ವರ್ಷ, ಅಮೇರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರ ಮೇಲೆ ಒಂದು ಪ್ರಯೋಗ ನಡೆಸಿದರು. ಮನಸ್ಸಾಕ್ಷಿ ಒಪ್ಪದೆ ಆಯುಧ ಹಿಡಿಯಲು ನಿರಾಕರಿಸಿದ್ದ ಈ ಯುವಕರು, ಯುದ್ಧದಿಂದ ಹಸಿದ ಜನರಿಗೆ ಉಪಕಾರವಾಗಲೆಂದು ತಾವಾಗಿ ಮುಂದೆ ಬಂದಿದ್ದರು. ಆರು ತಿಂಗಳು ಅವರಿಗೆ ಸಾಧಾರಣ ಊಟದ ಅರ್ಧದಷ್ಟೇ ಕೊಡಲಾಯಿತು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಅದರ ಜೊತೆಗೆ ದೇಹದ ಮೂಲ ಖರ್ಚು ನೂರಕ್ಕೆ ಸುಮಾರು 40ರಷ್ಟು ಕುಸಿಯಿತು. ನಾಡಿ ನಿಧಾನವಾಯಿತು, ಸದಾ ಚಳಿ, ಆಯಾಸ, ಸಿಡುಕು, ಹಗಲಿರುಳು ಊಟದ್ದೇ ಯೋಚನೆ. ಊಟ ಮತ್ತೆ ಸಿಕ್ಕಿದಾಗ ಹೊಟ್ಟೆ ತುಂಬಿದರೂ ಅವರ ಹಸಿವು ತಣಿಯಲಿಲ್ಲ. ಮೊದಲು ಮರಳಿ ಬಂದದ್ದು ಕೊಬ್ಬು.

ಅವರು ಬೊಜ್ಜಿನವರಲ್ಲ, ತೆಳ್ಳಗಿದ್ದ ಯುವಕರು. ನಮ್ಮ ಸಂಗತಿಗೂ ಅವರದಕ್ಕೂ ವ್ಯತ್ಯಾಸವಿದೆ. ಆದರೂ ಪಾಠ ಒಂದೇ. ಒಮ್ಮೆಗೇ ಹೆಚ್ಚು ಕಡಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತದೆ. ಕೊಬ್ಬನ್ನು ಉರಿಸುವ ಒಲೆಯೇ ಮಾಂಸಖಂಡ. ಚಳಿ ಕಾಯಿಸಲು ಮನೆಯ ಪಕಾಸನ್ನೇ ಕಿತ್ತು ಉರಿಸಿದಂತೆ ಆಗುತ್ತದೆ.

ಹೇಗೆ ಸರಿಪಡಿಸೋಣ?

ಮೊದಲು, ತೂಕ ನಿಜವಾಗಿ ನಿಂತಿದೆಯೇ ಎಂದು ನೋಡಿ. ಉಪ್ಪು ಹೆಚ್ಚಾದ ಊಟ, ಮಲಬದ್ಧತೆ, ಹೆಂಗಸರ ತಿಂಗಳ ದಿನಗಳು, ಅಭ್ಯಾಸವಿಲ್ಲದ ಅಗೆತದ ಮೈನೋವು, ಇವೆಲ್ಲ ದೇಹದಲ್ಲಿ ನೀರನ್ನು ಹಿಡಿದಿಟ್ಟು ಒಂದೆರಡು ಕಿಲೋ ಹೆಚ್ಚು ತೋರಿಸಬಲ್ಲವು. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಒಂದೇ ತಕ್ಕಡಿಯಲ್ಲಿ, ವಾರಕ್ಕೊಮ್ಮೆ ನೋಡಿ ಬರೆದಿಡಿ. ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆಯನ್ನೂ ಟೇಪಿನಲ್ಲಿ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದೆಂಬುದು ನಮ್ಮ ದೇಶದವರಿಗೆ ಹೇಳಿದ ಮಿತಿ. ತೂಕ ನಿಂತರೂ ಸೊಂಟ ಇಳಿಯುತ್ತಿದ್ದರೆ ಏನೂ ಬದಲಿಸಬೇಡಿ. ನಾಲ್ಕು ವಾರ ಎರಡೂ ಅಲುಗದಿದ್ದರೆ ಮಾತ್ರ ತೂಕ ನಿಂತಿದೆ ಎನ್ನಿ.

ಆಮೇಲೆ ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಮಗಳ ಹಳೆಯ ನೋಟುಬುಕ್ಕು ಸಾಕು. ಎಣ್ಣೆಯನ್ನು ಬಾಟಲಿಯಿಂದ ಸುರಿಯದೆ ಚಮಚದಲ್ಲಿ ಅಳೆಯಿರಿ. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ, ಎಷ್ಟು ಕಿಲೋ ಸಕ್ಕರೆ ಬರುತ್ತದೆ ಎಂದು ಅಂಗಡಿಯ ಚೀಟಿ ನೋಡಿ ತಲೆಗೆ ಭಾಗಿಸಿದರೆ ಅಂದಾಜು ತಪ್ಪುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬಾರದೆಂದು ಈ ಅಂಕಣದಲ್ಲಿ ಹೇಳುತ್ತ ಬಂದ ನಾವು ಇಲ್ಲಿಯೂ ಅದನ್ನೇ ಹೇಳುತ್ತೇವೆ. ಹೆಚ್ಚಿನವರಿಗೆ ಸೋರಿಕೆ ಕಟ್ಟಿದರೆ ಸಾಕು, ಮುಳ್ಳು ಮತ್ತೆ ಅಲುಗುತ್ತದೆ.

ಸೋರಿಕೆ ಇಲ್ಲವೆಂದು ಕಂಡರೆ ದಿನಕ್ಕೆ 100ರಿಂದ 150 ಕ್ಯಾಲೊರಿ ಇಳಿಸಿ, ಅದಕ್ಕಿಂತ ಹೆಚ್ಚು ಬೇಡ. ಅದಕ್ಕೆ 40 ಗ್ರಾಂ ಅಕ್ಕಿ ಕಡಿಮೆ ಬೇಯಿಸಿದರೆ ಸಾಕು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ. ಕುಚ್ಚಲಕ್ಕಿಯಾದರೂ ಬೆಳ್ತಿಗೆಯಾದರೂ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಕಡಿಮೆಯಾದ ಅನ್ನದ ಜಾಗದಲ್ಲಿ ಹರಿವೆ, ಬಸಳೆ, ಸೌತೆ, ಅಲಸಂಡೆ, ಬಾಳೆದಿಂಡು ಬರಲಿ, ಹೊಟ್ಟೆ ಖಾಲಿ ಎನಿಸಬಾರದು. ಮೀನು, ಮೊಟ್ಟೆ, ಹೆಸರು, ಹುರುಳಿ, ಮಜ್ಜಿಗೆ, ಇವುಗಳನ್ನು ಕಡಿಮೆ ಮಾಡಲೇಬೇಡಿ. ಮಾಂಸಖಂಡವನ್ನು ಉಳಿಸುವುದೂ ಹಸಿವನ್ನು ತಡೆಯುವುದೂ ಇವೇ. ಇಲ್ಲವೇ ಊಟವನ್ನು ಹಾಗೆಯೇ ಇಟ್ಟು ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಎಪ್ಪತ್ತು ಕಿಲೋ ತೂಕದವರಿಗೆ ಅದು ಸುಮಾರು 120 ಕ್ಯಾಲೊರಿಗೆ ಸಮ. ಮತ್ತೆ ನಾಲ್ಕು ವಾರ ನೋಡಿ. ತಿಂಗಳಿಗೆ ಒಂದು ಕಿಲೋ ಇಳಿದರೂ ಅದು ಒಳ್ಳೆಯ ಬೆಳೆಯೇ.

ಕೊಯ್ಲಿನ ಬಟ್ಟಲು, ಮಳೆಗಾಲದ ಬಟ್ಟಲು

ಪೇಟೆಯ ಪುಸ್ತಕಗಳು ಹೇಳದ ಒಂದು ಮಾತನ್ನು ಕೃಷಿಕರು ಗಮನಿಸಬೇಕು. ನಮ್ಮ ದುಡಿಮೆ ವರ್ಷವಿಡೀ ಒಂದೇ ಸಮನಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ 65 ಕಿಲೋ ತೂಕದ ಗಂಡಸಿಗೆ ಭಾರೀ ದುಡಿಮೆಯಿದ್ದರೆ ದಿನಕ್ಕೆ 3470 ಕ್ಯಾಲೊರಿ ಬೇಕು, ಕುಳಿತ ಕೆಲಸವಾದರೆ 2110 ಸಾಕು. 55 ಕಿಲೋ ತೂಕದ ಹೆಂಗಸಿಗೆ ಇದೇ ಲೆಕ್ಕ 2720 ಮತ್ತು 1660. ಒಂದೇ ಮನುಷ್ಯನ ಎರಡು ಬಟ್ಟಲುಗಳ ನಡುವೆ ಸಾವಿರಕ್ಕೂ ಹೆಚ್ಚು ಕ್ಯಾಲೊರಿಯ ಅಂತರ.

ಹಿಂದೆ ಏತ ಹೊಡೆದು ನೀರು ಹಾಯಿಸಿದವರು, ಗುಡ್ಡದಿಂದ ಸೊಪ್ಪಿನ ಹೊರೆ ಹೊತ್ತವರು, ಅಡಿಕೆ ಮರ ಹತ್ತಿದವರು ಮೊದಲನೆಯ ಬಟ್ಟಲಿಗೆ ಯೋಗ್ಯರಾಗಿದ್ದರು. ಈಗ ಸ್ವಿಚ್ಚು ಒತ್ತಿದರೆ ಸ್ಪ್ರಿಂಕ್ಲರ್ ತಿರುಗುತ್ತದೆ, ಹುಲ್ಲು ಹೆರೆಯಲು ಯಂತ್ರವಿದೆ, ನೆಲದಲ್ಲೇ ನಿಂತು ದೋಟಿಯಿಂದ ಗೊನೆ ತೆಗೆಯುತ್ತೇವೆ, ಅಂಗಡಿಗೆ ಸ್ಕೂಟರಿನಲ್ಲಿ ಹೋಗುತ್ತೇವೆ. ಯಂತ್ರ ಬಂದದ್ದು ತಪ್ಪಲ್ಲ, ಬೆನ್ನು ಉಳಿಯಿತು. ಆದರೆ ಅಪ್ಪ ಅಜ್ಜಂದಿರ ಬಟ್ಟಲು ಮಾತ್ರ ಹಾಗೆಯೇ ಉಳಿದುಕೊಂಡಿದೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮೈ ಬಗ್ಗಿಸಿ ದುಡಿದು ತೂಕ ಇಳಿಸಿದವರು ಜೂನಿನಿಂದ ಸೆಪ್ಟೆಂಬರ್ ತನಕ ಜಗಲಿಯಲ್ಲಿ ಕುಳಿತಾಗಲೂ ಅಷ್ಟೇ ಉಂಡರೆ ತೂಕ ನಿಲ್ಲದೆ ಇನ್ನೇನು ಮಾಡೀತು? ಮಳೆಗೆ ಹಪ್ಪಳ, ಸಾಂತಣಿ, ಹಲಸಿನ ಹಣ್ಣಿನ ಗಟ್ಟಿ ಬೇರೆ ಇವೆ. ಮಳೆ ಹಿಡಿದ ಕೂಡಲೇ ಮಧ್ಯಾಹ್ನದ ಅನ್ನ ಒಂದು ಸೌಟು ಇಳಿಯಲಿ. ದುಡಿಮೆ ಮತ್ತೆ ಏರಿದಾಗ ಅದೇ ಸೌಟನ್ನು ಮರಳಿ ಬಡಿಸಿಕೊಳ್ಳಿ. ದುಡಿಯುವ ಮೈಗೆ ಅನ್ನ ಕಡಿಯುವುದು ಪಥ್ಯವಲ್ಲ, ಅನ್ಯಾಯ. ಕೂಲಿಯಾಳುಗಳಿಗೆ ಬಡಿಸುವ ಗಂಜಿಗಂತೂ ಈ ಲೇಖನ ಅನ್ವಯಿಸುವುದಿಲ್ಲ.

ಯಾರು ಎಚ್ಚರವಾಗಿರಬೇಕು?

ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಊಟ ಇಳಿಸಬಾರದು. ಊಟ ಕಡಿಮೆಯಾಗಿ ಮದ್ದು ಹಾಗೆಯೇ ಇದ್ದರೆ ರಕ್ತದ ಸಕ್ಕರೆ ಕುಸಿದು ಬೆವರಿ, ನಡುಗಿ, ತೋಟದಲ್ಲಿ ಒಬ್ಬರೇ ಇದ್ದಾಗ ಬಿದ್ದುಬಿಡಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಕ್ಷಯಕ್ಕೆ ಮದ್ದು ತೆಗೆದುಕೊಳ್ಳುವವರು ಈ ಲೆಕ್ಕದಿಂದ ದೂರವಿರಲಿ. ಕಿಡ್ನಿಯ ತೊಂದರೆ ಇದ್ದವರು ಬೇಳೆ ಮೀನಿನ ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಲಿ. ಲೆಕ್ಕ ಸರಿಯಿದ್ದೂ ತೂಕ ಏರುತ್ತಿದ್ದರೆ, ಅತಿ ಸುಸ್ತು, ಚಳಿ, ಕೂದಲು ಉದುರುವುದು ಕಂಡರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು. ಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಸಂತೋಷಪಡಬೇಡಿ, ಕೂಡಲೇ ತೋರಿಸಿ. ದಿನಕ್ಕೆ 1200 ಕ್ಯಾಲೊರಿಗಿಂತ ಕೆಳಗಿನ ಪಥ್ಯ ವೈದ್ಯರ ಕಣ್ಣಿನ ಮುಂದೆ ಮಾತ್ರ.

ಮನೆಯವರ ಪಾಲು

ಕೊನೆಯದಾಗಿ ಒಂದು ಮಾತು. ಒಂದು ಮನೆಯಲ್ಲಿ ಒಬ್ಬರಿಗೆ ಪಥ್ಯದ ಬಟ್ಟಲು, ಉಳಿದವರಿಗೆ ಕರಿದ ಮೀನು ಎಂದಾದರೆ ಆ ಪಥ್ಯ ಎಷ್ಟು ದಿನ ಬಾಳೀತು? ಬಡಿಸುವವಳೇ ಪಥ್ಯದಲ್ಲಿರುವಾಗ ಇದು ಇನ್ನೂ ಕಠಿಣ. ಎಣ್ಣೆ ಕಡಿಮೆಯಾದರೆ ಮನೆಯ ಎಲ್ಲರಿಗೂ ಕಡಿಮೆಯಾಗಲಿ, ತರಕಾರಿ ಹೆಚ್ಚಾದರೆ ಎಲ್ಲರಿಗೂ ಹೆಚ್ಚಾಗಲಿ. ತಾಯಂದಿರೂ ಎಲ್ಲರ ಜೊತೆಯಲ್ಲೇ ಕುಳಿತು ಉಣ್ಣಲಿ. ಪಥ್ಯದ ಹೆಸರಿನಲ್ಲಿ ಅವರ ಪಾಲಿನ ಮೀನಿನ ತುಂಡು ಕಾಣೆಯಾಗದಿರಲಿ. ರಕ್ತಹೀನತೆ ಇರುವ ನಮ್ಮ ಎಷ್ಟೋ ಮಂದಿ ಹೆಂಗಸರಿಗೆ ಆ ತುಂಡು ಮದ್ದಿಗೆ ಸಮ.

ತೋಟ ಮಾಡಿದವರಿಗೆ ತಾಳ್ಮೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಸಸಿ ನೆಟ್ಟು ಐದಾರು ವರ್ಷ ಕಾದು ಅಡಿಕೆಯ ಮೊದಲ ಗೊನೆ ಕಂಡವರು ನಾವು. ನಡುವೆ ಸಸಿ ಒಂದು ಗೇಣೂ ಏರದಂತೆ ಕಂಡ ತಿಂಗಳುಗಳಿದ್ದವು. ಆಗ ಅದನ್ನು ಕಿತ್ತೆಸೆಯಲಿಲ್ಲ, ಬುಡಕ್ಕೆ ಒಂದು ಬುಟ್ಟಿಯ ಬದಲು ಹತ್ತು ಬುಟ್ಟಿ ಗೊಬ್ಬರವನ್ನೂ ಸುರಿಯಲಿಲ್ಲ. ಬುಡ ಬಿಡಿಸಿ ನೋಡಿದೆವು, ನೀರು ನಿಂತಿದ್ದರೆ ಚರಂಡಿ ಕಡಿದೆವು, ಮತ್ತೆ ಕಾದೆವು. ತೂಕ ನಿಂತಾಗಲೂ ಅಷ್ಟೇ ಮಾಡೋಣ. ಬರುವ ಸೋಮವಾರ ಬೆಳಿಗ್ಗೆ ತೂಕ ಮತ್ತು ಸೊಂಟದ ಅಳತೆ ಬರೆಯುವುದರಿಂದ ತೊಡಗಿರಿ. ಅಡುಗೆಮನೆಯ ಎಣ್ಣೆ ಬಾಟಲಿಯ ಪಕ್ಕದಲ್ಲಿ ಒಂದು ಚಮಚ ಇಡಿ.